ಹೇಳುವಂತಿಲ್ಲದ ಗಾಲಿ

ಎಪ್ಪತ್ತರ ದಶಕದ ಕೊನೆಗೆ ಹೆಣ್ಣು ನೋಡಲು ಸವಣೂರಿಗೆ ಹೋಗಿದ್ದೆ. ನನ್ನ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಉಳಿದದ್ದು ತಿಳಿಯುವುದಿಲ್ಲ. ನೆಲದಲ್ಲಿ ಟ್ಯಾಂಕಿನಂತೆ ಉಕ್ಕಿನ ಪಟ್ಟಿಯ ಮೇಲೆ ಓಡಿ, ಹೊಳೆಯಲ್ಲಿ ಈಜುವ ಸೈನ್ಯದ ವಾಹನಕ್ಕೆ ನಾನು ಗಾಲಿಯ ನಕ್ಷೆ ಬರೆಯುತ್ತಿದ್ದೆ. ತೇಲಲೆಂದು ಗಾಲಿ ಒಳಗೆ ಪೊಳ್ಳಾಗಿರಬೇಕು, ದಡದ ಕಲ್ಲಿಗೆ ಬಡಿದರೆ ನೆಗ್ಗಬಾರದು, ಅದನ್ನು ಹಿಡಿದ ತೋಳು ಏರಿಳಿದು ಕುಲುಕಾಟ ತಾಳಬೇಕು. ಇದನ್ನು ಹೊರಗೆ ಯಾರಿಗೂ ಹೇಳುವುದಿಲ್ಲ ಎಂದು ಬರೆದುಕೊಟ್ಟಿದ್ದೆ.

ಹುಡುಗಿಯ ತಂದೆ ಅವಲಕ್ಕಿ ಕೊಟ್ಟು ಕೇಳಿದರು, “ಏನ್ ಕೆಲಸ ಮಾಡ್ತೀರಿ?”

“ಗಾಲೀದು ರೀ.”

“ಎದರ ಗಾಲಿ?”

“ಹೇಳಾಕ ಬರೂದಿಲ್ರಿ.”

“ಬಸ್ಸಿಂದೋ, ರೈಲಿಂದೋ?”

“ಎರಡೂ ಅಲ್ರಿ. ಮುಳುಗಬಾರದು, ಅಷ್ಟ.”

ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ನನ್ನನ್ನೇ ನೋಡಿದರು. ಸಂಬಂಧ ಮುರಿಯಿತು ಎಂದುಕೊಂಡೆ.

“ಸರಕಾರಿ ನೌಕರಿ ಹೌದಲ್ಲ?”

“ಹೌದ್ರಿ.”

“ಶಿಗ್ಗಾವಿಯ ನಮ್ಮ ಹಿರೇ ಅಳಿಯಂದ್ರು ಆಫೀಸಿನ ಮಾತು ಬಿಟ್ಟು ಬ್ಯಾರೆ ಆಡೂದಿಲ್ಲ,” ಎಂದು ಅವರು ನಿಟ್ಟುಸಿರಿಟ್ಟರು. “ಅವರಕಿಂತ ನೀವ ಪಾಡ.”

ಆ ಬೇಸಿಗೆಯಲ್ಲೇ ಮದುವೆಯಾಯಿತು. ಮಳೆಗಾಲದ ಮೊದಲ ಪರೀಕ್ಷೆಯಲ್ಲಿ ನನ್ನ ಗಾಲಿಗಳೊಳಗೆ ನೀರು ತುಂಬಿತು. ಮಾವನವರಿಗೆ ಅದನ್ನೂ ಹೇಳುವಂತಿರಲಿಲ್ಲ. ನಾನೂ ನಿಯಮ ಮುರಿಯಲು ಹೋಗಲಿಲ್ಲ.