ದೆಹಲಿಯವನಿಗೆ ಶಿಕ್ಷೆ

ಹಿಂದಿ ಮೇಡಂ ಆಗಿ ನಿವೃತ್ತಳಾದ ಮೇಲೆ ಅಮ್ಮ ಸಂಗೀತ ಕಲಿಯಬೇಕೆಂದಳು. ಬಸವನಗುಡಿಯಲ್ಲಿ ಸಂಗೀತದ ಮೇಷ್ಟರಿಗೇನು ಬರ, ಹಿಂದಿನ ಬೀದಿಯಲ್ಲೇ ಒಬ್ಬರು ಸಿಕ್ಕರು. ಶ್ರುತಿ ಪೆಟ್ಟಿಗೆ ಬೇಕೆಂದಾಗ, ಇಂಟರ್‌ನೆಟ್‌ನಲ್ಲಿ ತರಿಸುತ್ತೇನೆ ಎಂದು ನಾನು ಎದೆಯುಬ್ಬಿಸಿದೆ. ಆಗಿನ್ನೂ ಅದು ಹೊಸತು. ನಮ್ಮ ಬೀದಿಗೆ ನಾನೇ ಮೊದಲಿಗನೆಂಬ ಜಂಬ. ದೆಹಲಿಯ ಅಂಗಡಿಯೊಂದಕ್ಕೆ ಕಾರ್ಡಿನಲ್ಲಿ ಹಣ ಕಟ್ಟಿದೆ. ಬಂದ ಪೆಟ್ಟಿಗೆ ಪ್ಲಗ್ ಹಾಕಿದರೂ ಕಮಕ್ ಕಿಮಕ್ ಎನ್ನಲಿಲ್ಲ.

ಅಂಗಡಿಯವನು ಪೆಟ್ಟಿಗೆಯನ್ನೇನೋ ವಾಪಸ್ ತರಿಸಿಕೊಂಡ, ಹಣ ಮಾತ್ರ ಕೊಡಲಿಲ್ಲ. ಇ-ಮೇಲ್‌ಗೆ ಉತ್ತರವಿಲ್ಲ. ಫೋನ್ ಮಾಡಿದರೆ, ನನ್ನ ಇಂಗ್ಲಿಷ್ ಕಿವಿಗೆ ಬಿದ್ದ ತಕ್ಷಣ ‘ರಾಂಗ್ ನಂಬರ್’ ಎಂದು ಇಟ್ಟುಬಿಡುತ್ತಿದ್ದ. ಮೈಯೆಲ್ಲ ಉರಿಯುತ್ತಿತ್ತು. ಹಣಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಅಮ್ಮನ ಮಾತು.

“ಬಿಟ್ಬಿಡೋ. ಈ ವಯಸ್ಸಲ್ಲಿ ನಂಗ್ಯಾಕೆ ಬೇಕಿತ್ತು ಸಂಗೀತ? ಮೇಷ್ಟ್ರಿಗೂ ಬರಲ್ಲ ಅಂದ್ಬಿಡ್ತೀನಿ.”

ನಾನು ಬಿಡುವ ಪೈಕಿ ಅಲ್ಲ. ಹಿಂದಿಯಲ್ಲೇ ಗದರಿಸೋಣವೆಂದು ಅಮ್ಮನ ಎದುರಿಗೇ ಫೋನ್ ಮಾಡಿದೆ. ನಮ್ಮ ಶಿಕ್ಷೆಯನ್ನು ಶಿಕ್ಷಾ ಮಾಡಿದರೆ ಹಿಂದಿಯಾಯಿತೆಂಬುದು ನನ್ನ ಲೆಕ್ಕ. “ಹಮ್ ಆಪ್‌ಕೋ ಶಿಕ್ಷಾ ದೇಂಗೆ!” ಎಂದು ಅಬ್ಬರಿಸಿದೆ. ಆ ಕಡೆಯಿಂದ ಬಿದ್ದು ಬಿದ್ದು ನಗು.

ಅಮ್ಮ ಹಣೆ ಚಚ್ಚಿಕೊಂಡಳು. “ಅಯ್ಯೋ ಪೆದ್ದೇ, ಹಿಂದೀಲಿ ಶಿಕ್ಷಾ ಅಂದ್ರೆ ವಿದ್ಯಾಭ್ಯಾಸ ಕಣೋ! ನಿಮಗೆ ಪಾಠ ಹೇಳ್ಕೊಡ್ತೀವಿ ಅಂತಿದೀಯ ಅವನಿಗೆ. ಹಿಂದಿ ಮೇಡಂ ಮಗ ಬೇರೆ! ಕೊಡು ಇಲ್ಲಿ.”

ಮುಂದೆ ಕೇಳಿದ್ದು ಮನೆಯ ಅಮ್ಮನ ದನಿಯಲ್ಲ, ಕೊನೆಯ ಬೆಂಚಿಗೂ ಮುಟ್ಟುತ್ತಿದ್ದ ಮೇಡಂ ದನಿ. ಅಚ್ಚ ಪಠ್ಯಪುಸ್ತಕದ ಹಿಂದಿ. ಮಗ ಹೇಳಿದ್ದು ಸರಿಯಾಗಿಯೇ ಇದೆ, ನಾನು ಟೀಚರ್, ಹಣ ಬರುವ ತನಕ ದಿನಾ ಬೆಳಿಗ್ಗೆ ಫೋನಿನಲ್ಲೇ ಪಾಠ ಮಾಡುತ್ತೇನೆ ಎಂದಳು. ಮಾಡಿಯೂ ಮಾಡಿದಳು. ಒಂದು ದಿನ ಅವನು ಫೋನ್ ಎತ್ತದಿದ್ದರೆ ಮರುದಿನ ಮೊದಲು ಅದರ ವಿಚಾರಣೆ, ಆಮೇಲೆ ಪಾಠ. ನಗುತ್ತಿದ್ದವನು ಬರಬರುತ್ತಾ ‘ಜೀ ಮೇಡಂ’ ಎನ್ನತೊಡಗಿದ. ಕೊನೆಗೆ ಪೂರ್ತಿ ಹಣ ವಾಪಸ್ ಬಂತು.

ನಾನು ಬೀಗುತ್ತಾ, ಈ ಸಲ ಒಳ್ಳೆಯ ಅಂಗಡಿ ಹುಡುಕುತ್ತೇನೆಂದು ಕಂಪ್ಯೂಟರ್ ಮುಂದೆ ಕೂತೆ. ಅಮ್ಮ ಆಗಲೇ ಚಪ್ಪಲಿ ಮೆಟ್ಟಿದ್ದಳು.

“ಅದನ್ನ ಆಫ್ ಮಾಡಿ ಬಾ. ಚಾಮರಾಜಪೇಟೆ ಅಂಗಡೀಲಿ ನುಡಿಸಿ ನೋಡ್ಕೊಂಡೇ ತಗೊಳ್ಳೋಣ. ಸಂಜೆ ನಂಗೆ ಪಾಠ ಇದೆ.”