ಟ್ಯಾಂಕಿನೊಳಗಿನ ಗೇಣುದ್ದದ ಪೈಪು

ಇಳಿಜಾರು ಬೀದಿಯ ಕೊನೆಯಲ್ಲಿ, ಟೈರ್ ಅಂಗಡಿಯ ಹಿಂದೆ, ಆ ಮೆಕ್ಯಾನಿಕ್ಕಿನ ಶೆಡ್ಡು. ಬೋರ್ಡಿನ ಮೇಲಿನ ಹೆಸರು ಬಿಸಿಲಿಗೆ ಮಾಸಿ ಎಷ್ಟೋ ವರ್ಷವಾಯಿತು. ಮತ್ತೆ ಬರೆಸುವ ಗೋಜಿಗೆ ಅವನು ಹೋಗಿಲ್ಲ. ಎಲ್ಲರೂ ಅವನನ್ನು ಕರೆಯುವುದು ನಿಧಾನಪ್ಪ ಎಂದು. ಪಕ್ಕದ ಶೆಡ್ಡಿನ ವೆಲ್ಡರ್ ಇಟ್ಟ ಹೆಸರು ಅದು. ರಿಪೇರಿ ಮುಗಿದ ಗಾಡಿಯನ್ನು ಅವನು ಓಡಿಸಿ ನೋಡುವ ರೀತಿ ಹಾಗಿದೆ: ತುಂಬಿದ ಹಾಲಿನ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡವನಂತೆ, ಸ್ಟೇರಿಂಗನ್ನು ಎರಡು ಕೈಯಲ್ಲಿ ಹಿಡಿದು, ಬೀದಿಯ ತುದಿಯವರೆಗೆ ಹೋಗಿ ಬರುತ್ತಾನೆ.

ಟರ್ಬೊ ಇರುವ ಹಳೆಯ ಕಾರುಗಳೆಂದರೆ ಅವನಿಗೆ ಇನ್ನೂ ಹೆಚ್ಚಿನ ಮರ್ಯಾದೆ. ಟರ್ಬೊದಲ್ಲಿ, ಎಂಜಿನ್ನಿನಿಂದ ಹೊರಬರುವ ಹೊಗೆಯ ರಭಸಕ್ಕೆ ತಿರುಗುವ ಪುಟ್ಟ ಚಕ್ರವೊಂದು ಎಂಜಿನ್ನಿನೊಳಗೆ ಗಾಳಿ ತುರುಕುತ್ತದೆ. ಬಿಸಿಯಾಗುವ ಮೊದಲು ಅದನ್ನು ಕೆಣಕಬಾರದು, ನಿಲ್ಲಿಸುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಓಡಲು ಬಿಡಬೇಕು ಎಂದು ಬಂದವರಿಗೆಲ್ಲ ಹೇಳುತ್ತಾನೆ. ತಾನೂ ಹಾಗೆಯೇ ನಡೆದುಕೊಳ್ಳುತ್ತಾನೆ. ಗಿರಾಕಿಗಳಿಗೆ ಇದು ಇಷ್ಟ.

ಅವನದು ಇನ್ನೊಂದು ಪದ್ಧತಿಯೂ ಇತ್ತು. ಮನೆಯವರ ಗಾಡಿಯ ಕೆಲಸ ಯಾವಾಗಲೂ ಕೊನೆಗೆ. "ಹೊರಗಿನವರನ್ನ ಕಾಯಿಸಬಾರದು. ಮನೆಯವರು ಎಲ್ಲಿ ಓಡಿಹೋಗ್ತಾರೆ?" ಎನ್ನುತ್ತಿದ್ದ. ಇದನ್ನು ಅವನು ಪ್ರಾಮಾಣಿಕತೆ ಎಂದೇ ತಿಳಿದಿದ್ದ.

ಮನೆಯವರ ಗಾಡಿ ಎಂದರೆ ಮುಖ್ಯವಾಗಿ ಅವನ ಅಕ್ಕನದು. ಅಕ್ಕ ಹೆರಿಗೆ ನರ್ಸ್. ಗುಡ್ಡದ ಮೇಲೆ ಚದುರಿರುವ ಮನೆಗಳಿಗೆ ಹೋಗಿ ಬಸುರಿಯರನ್ನು ನೋಡುವುದು, ಆಸ್ಪತ್ರೆಯಲ್ಲಿ ಹೆತ್ತವರನ್ನು ಮಗುವಿನ ಸಮೇತ ಮನೆ ಮುಟ್ಟಿಸುವುದು ಅವಳ ಕೆಲಸ. ಆ ಏರಿಗೆ ಬೇಕೆಂದೇ, ತಮ್ಮ ಬೇಡವೆಂದರೂ ಕೇಳದೆ, ಹಳೆಯ ಟರ್ಬೊ ಪೆಟ್ರೋಲ್ ಕಾರೊಂದನ್ನು ಕೊಂಡಿದ್ದಳು. "ಅದು ಆನೆ ಅಕ್ಕ, ಸಾಕೋದು ಕಷ್ಟ" ಎಂದಿದ್ದ ಇವನು. "ಮಾವುತ ನೀನಿದ್ದೀಯಲ್ಲ" ಎಂದಿದ್ದಳು ಅವಳು.

ಕಳೆದ ಬೇಸಿಗೆಯಲ್ಲಿ ಆ ಕಾರಿನ ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪು ಕೆಟ್ಟಿತು. ನಿಧಾನಪ್ಪ ಹೊಸದನ್ನು ಕೂರಿಸಿದ. ಪಂಪಿನಿಂದ ಟ್ಯಾಂಕಿನ ಮುಚ್ಚಳಕ್ಕೆ ಹೋಗುವ ಒಂದು ಚಿಕ್ಕ ರಬ್ಬರ್ ಪೈಪು ಒಣಗಿ ಬಿರುಕು ಬಿಟ್ಟಿತ್ತು. ಅದು ಸದಾ ಪೆಟ್ರೋಲಿನಲ್ಲಿ ಮುಳುಗಿರುವ ಪೈಪು. ಅದಕ್ಕೆಂದೇ ಬೇರೆ ಜಾತಿಯ ರಬ್ಬರ್ ಬರುತ್ತದೆ. ಸಾಮಾನ್ಯ ಪೆಟ್ರೋಲ್ ಪೈಪಿನ ಒಳಮೈ ಮಾತ್ರ ಪೆಟ್ರೋಲನ್ನು ತಡೆಯುತ್ತದೆ, ಹೊರಮೈ ತಡೆಯುವುದಿಲ್ಲ. ಇದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ಆ ಹೊತ್ತಿಗೆ ಸರಿಯಾದದ್ದು ಕೈಗೆ ಸಿಗಲಿಲ್ಲವೆಂದು, ಗೋಡೆಗೆ ನೇತುಹಾಕಿದ್ದ ನೀಲಿ ಗೆರೆಯ ಸಾಮಾನ್ಯ ಪೈಪಿನ ಸುರುಳಿಯಿಂದ ಗೇಣುದ್ದ ಕತ್ತರಿಸಿ ಹಾಕಿದ. ಸರಿಯಾದ ಪೈಪು ಬಂದ ಮೇಲೆ ಬದಲಾಯಿಸಿದರಾಯಿತು ಅಂದುಕೊಂಡ.

ಬಂತು. ಬಾಗಿಲ ಹಿಂದಿನ ಮೊಳೆಗೆ ಪೊಟ್ಟಣದ ಸಮೇತ ನೇತುಬಿತ್ತು. ಅಷ್ಟರಲ್ಲಿ ಅಂಥದ್ದೇ ಕಾರಿನ ಗಿರಾಕಿಯೊಬ್ಬ ಅವಸರ ಮಾಡಿದ. ಪೈಪು ಅವನ ಗಾಡಿಗೆ ಹೋಯಿತು. ಅಕ್ಕನದಕ್ಕೆ ಇನ್ನೊಂದು ತರಿಸಬೇಕೆಂದುಕೊಂಡವನು ಮರೆತ.

ಮಳೆಗಾಲ ಕಳೆಯುವ ಹೊತ್ತಿಗೆ ಅಕ್ಕನ ದೂರು ಶುರುವಾಯಿತು. "ಏರಿನಲ್ಲಿ ಒತ್ತಿದ್ರೆ ಉಸಿರು ಕಟ್ಟಿದ ಹಾಗೆ ಆಗುತ್ತೆ ಕಣೋ. ಮುಂದಕ್ಕೆ ಹೋಗಲ್ಲ ಅಂತ ಹಟ ಹಿಡಿಯುತ್ತೆ."

ಅವನು ಪ್ಲಗ್ಗುಗಳನ್ನು ಬಿಚ್ಚಿ ನೋಡಿದ. ಫಿಲ್ಟರ್ ಬದಲಾಯಿಸಿದ. ಟರ್ಬೊದಿಂದ ಹೊರಡುವ ಗಾಳಿ ಎಲ್ಲಾದರೂ ಸೋರುತ್ತಿದೆಯೇ ಎಂದು ಸೋಪಿನ ನೀರು ಹಚ್ಚಿ ಪರೀಕ್ಷಿಸಿದ. ಕೊನೆಗೆ ತನ್ನ ಪದ್ಧತಿಯಂತೆ, ಒಬ್ಬನೇ ಕೂತು, ಬೀದಿಯ ತುದಿಯವರೆಗೆ ಹೋಗಿ ಬಂದ. ಕಾರು ಬೆಣ್ಣೆಯ ಹಾಗೆ ಓಡಿತು.

"ಗಾಡಿ ಚೆನ್ನಾಗಿದೆ ಅಕ್ಕ. ನೀನು ಗೇರ್ ಇಳಿಸೋದು ತಡ ಮಾಡ್ತೀಯ."

"ಇಷ್ಟು ವರ್ಷ ಮಾಡದೆ ಇದ್ದ ತಡ ಈಗ್ಯಾಕೆ ಮಾಡ್ತೀನಿ?"

"ಅದನ್ನ ನಿನ್ನ ಕಾಲನ್ನೇ ಕೇಳಬೇಕು."

ಅಕ್ಕ ನಕ್ಕಳು. ಅದಾದ ಕೆಲವೇ ದಿನಗಳಲ್ಲಿ, ಬಾಣಂತಿಯನ್ನೂ ಮಗುವನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಗುಡ್ಡ ಹತ್ತುವಾಗ, ಮುಂದೆ ತೆವಳುತ್ತಿದ್ದ ಮರಳು ಲಾರಿಯನ್ನು ದಾಟಲು ಹೊರಟಳು. ಲಾರಿಯ ಪಕ್ಕಕ್ಕೆ ಬಂದಾಗ ಕಾರು ಸೊರಗಿತು. ಎದುರಿನ ತಿರುವಿನಲ್ಲಿ ಬಸ್ಸು ಕಾಣಿಸಿತು. ಲಾರಿಯ ಡ್ರೈವರ್ ಬ್ರೇಕ್ ಒತ್ತಿ ಜಾಗ ಬಿಟ್ಟ. ಅಕ್ಕ ಹೇಗೋ ಅದರ ಮುಂದೆ ನುಸುಳಿದಳು. ಮುಂದಿನ ತಿರುವಿನಲ್ಲಿ ನಿಲ್ಲಿಸಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳಂತೆ. ಮಗುವಿಗೆ ಎಚ್ಚರವಾಗಿರಲಿಲ್ಲ.

ಆ ಭಾನುವಾರ ತಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ಅವಳು ಇದನ್ನೆಲ್ಲ ಹೇಳಿದಳು. ಸಮಾಧಾನ ಮಾಡಬೇಕೆಂದೇ ನಿಧಾನಪ್ಪ ಬಾಯಿ ತೆರೆದಿದ್ದ. ಬಂದ ಮಾತು ಬೇರೆ: "ವಯಸ್ಸಾಯ್ತಲ್ಲ ಅಕ್ಕ. ಕಣ್ಣಿಗೂ ಕಾಲಿಗೂ ಮೊದಲಿನ ಹೊಂದಾಣಿಕೆ ಎಲ್ಲಿರುತ್ತೆ?"

ಅವನ ಹೆಂಡತಿ ಮೇಜಿನ ಕೆಳಗೆ ಅವನ ಕಾಲು ತುಳಿದಳು. ಅಷ್ಟರಲ್ಲಿ ತಡವಾಗಿತ್ತು. ಅಕ್ಕ ತಟ್ಟೆಯ ಅಂಚನ್ನು ಬೆರಳಿಂದ ಒರೆಸುತ್ತಾ, "ಇರಬಹುದು" ಎಂದಳು. ಮರುವಾರ ಆಸ್ಪತ್ರೆಯಲ್ಲಿ ಹೇಳಿ ಗುಡ್ಡದ ಕೆಲಸ ಬಿಡುವುದೆಂದು ತೀರ್ಮಾನಿಸಿದಳು. ಇನ್ನು ಮುಂದೆ ಕೆಳಗೇ, ಚೀಟಿ ಬರೆಯುವ ಕೌಂಟರಿನಲ್ಲಿ ಕೂರುವುದು. ಕಾರಿಗೂ ಗಿರಾಕಿ ಸಿಕ್ಕ.

"ಶನಿವಾರ ಬಂದು ತಗೊಂಡು ಹೋಗ್ತಾರೆ. ಒಂದ್ಸಲ ಎಲ್ಲ ನೋಡಿ ರೆಡಿ ಮಾಡಿಡಪ್ಪ" ಎಂದು ಕೀಲಿಯನ್ನು ತಮ್ಮನ ಬೆಂಚಿನ ಮೇಲಿಟ್ಟಳು. ಇಟ್ಟ ಮೇಲೂ ಕೈ ತಕ್ಷಣ ತೆಗೆಯಲಿಲ್ಲ.

ಕೊಳ್ಳುವವನಿಗೆ ತೋರಿಸಬೇಕೆಂದು ನಿಧಾನಪ್ಪ ಪೆಟ್ರೋಲಿನ ಒತ್ತಡ ಅಳೆಯುವ ಗೇಜನ್ನು ಎಂಜಿನ್ನಿಗೆ ಜೋಡಿಸಿದ. ನಿಂತಲ್ಲೇ ಎಂಜಿನ್ನು ಚಾಲೂ ಮಾಡಿದಾಗ ಮುಳ್ಳು ಇರಬೇಕಾದ ಕಡೆಯೇ ನಿಂತಿತು. ಪಕ್ಕದ ವೆಲ್ಡರ್ ಬೀಡಿ ಸೇದುತ್ತಾ ಇಣುಕಿದ.

"ಏನಪ್ಪಾ ನಿಧಾನಪ್ಪ, ಕುರ್ಚಿ ಮೇಲೆ ಕೂತವನ ನಾಡಿ ಹಿಡಿದು, ಇವನು ಬೆಟ್ಟ ಹತ್ತುತ್ತಾನೆ ಅಂತ ಬರೆದುಕೊಡ್ತೀಯಾ?"

"ಓಡಿಸಿಯೂ ನೋಡಿದ್ದೀನಿ."

"ನೀನು ಓಡಿಸೋದನ್ನ ನಾನೂ ನೋಡಿದ್ದೀನಿ. ಮೊನ್ನೆ ಒಂದು ನಾಯಿ ನಿನ್ನನ್ನೇ ಹಿಂದೆ ಹಾಕಿ ಹೋಯ್ತು. ಟರ್ಬೊ ಅನ್ನೋದು ನಿನ್ನ ಕಾಲಿನ ಕೆಳಗೆ ಒಂದು ದಿನವಾದ್ರೂ ಎದ್ದಿದೆಯಾ?"

ನಿಧಾನಪ್ಪ ಗೇಜಿನ ಕಡೆ ತಿರುಗಿದ. ಏರಿನಲ್ಲಿ, ಭಾರ ಹೊತ್ತು, ಪೂರ್ತಿ ಒತ್ತಿದಾಗ ಮಾತ್ರ ಟರ್ಬೊ ಗಾಳಿಯನ್ನು ರಭಸವಾಗಿ ತುರುಕುತ್ತದೆ; ಆಗ ಪೆಟ್ರೋಲಿನ ಒತ್ತಡವೂ ಅದರ ಜೊತೆಗೇ ಏರಬೇಕು. ಅಂಥ ಹೊತ್ತಿನಲ್ಲಿ ಗೇಜನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

ಗೇಜಿನ ಉದ್ದ ಪೈಪನ್ನು ಬಾನೆಟ್ಟಿನ ಸಂದಿಯಿಂದ ಹೊರತೆಗೆದು, ಗೇಜನ್ನು ಮುಂದಿನ ಗಾಜಿಗೆ ಹೊರಗಡೆಯಿಂದ ಟೇಪು ಹಾಕಿ ಅಂಟಿಸಿದ. ಆಮೇಲೆ ಅಕ್ಕನಿಗೆ ಫೋನು ಮಾಡಿದ. ಬಂದಳು. ಓಡಿಸು ಎಂದಾಗ ಮಾತ್ರ ಹಿಂದೆ ಸರಿದಳು.

"ಬೇಡಪ್ಪ. ನನ್ನ ಕಾಲಿನ ವಿಷಯ ನೀನೇ ಹೇಳಿದ್ದೀಯಲ್ಲ."

"ನಾನು ಮುಳ್ಳು ನೋಡಬೇಕು ಅಕ್ಕ. ಎರಡೂ ಒಟ್ಟಿಗೆ ಆಗಲ್ಲ."

"ನರ್ಸಕ್ಕ, ನಾನು ಹಿಂದೆ ಕೂತ್ಕೋತೀನಿ" ಎಂದ ವೆಲ್ಡರ್ ಬೀಡಿ ಆರಿಸುತ್ತಾ. "ಎರಡು ಮೂಟೆಯ ಭಾರ ಇದ್ದೀನಿ. ಏನಾದ್ರೂ ಆದ್ರೆ ಮೊದಲು ಕಿರುಚೋದು ನಾನೇ."

ಗುಡ್ಡದ ರಸ್ತೆ ಮಧ್ಯಾಹ್ನದ ಬಿಸಿಲಲ್ಲಿ ಖಾಲಿಯಿತ್ತು. ಏರು ಶುರುವಾದಲ್ಲಿ ಅಕ್ಕ ಗೇರ್ ಇಳಿಸಿದಳು, ತಡವಿಲ್ಲದೆ, ಸದ್ದಿಲ್ಲದೆ. ನಿಧಾನಪ್ಪ ಅದನ್ನು ಗಮನಿಸಿದ. "ಪೂರ್ತಿ ಒತ್ತು" ಎಂದ. ಅಕ್ಕ ಒತ್ತಿದಳು. ಟರ್ಬೊ ಸಿಳ್ಳೆ ಹಾಕಿತು, ಮೂವರ ಬೆನ್ನೂ ಸೀಟಿಗೆ ಅಂಟಿತು, ಮುಳ್ಳು ಏರಿತು. ಮರುಕ್ಷಣ ಅದು ನಡುಗಿ ಕೆಳಗೆ ಜಾರತೊಡಗಿತು. ಎಂಜಿನ್ನು ಕೆಮ್ಮಿತು.

"ಬಿಡು! ಕಾಲು ತೆಗಿ!" ಎಂದ ನಿಧಾನಪ್ಪ.

ಕಾರು ಅಂಚಿಗೆ ಬಂದು ನಿಂತಿತು.

"ನಾನು ಸರಿಯಾಗೇ ಒತ್ತಿದೆನಲ್ಲ?" ಎಂದು ಕೇಳಿದಳು ಅಕ್ಕ.

"ಹೂಂ."

"ಗೇರು?"

"ಅದೂ ಸರಿಯಾಗಿತ್ತು."

ಮುಳ್ಳು ಜಾರುವುದನ್ನು ನೋಡಿದಾಗಲೇ ಅವನಿಗೆ ನೀಲಿ ಗೆರೆಯ ಸುರುಳಿ ನೆನಪಾಗಿತ್ತು. ಆದರೂ ಶೆಡ್ಡಿಗೆ ಮರಳಿದ ಮೇಲೆ ಬೇರೆಲ್ಲವನ್ನೂ ಮೊದಲು ನೋಡಿದ. ಪಂಪಿಗೆ ಬರುವ ಕರೆಂಟು ಅಳೆದ, ಸರಿಯಿತ್ತು. ಫಿಲ್ಟರ್ ಹೊಸದೇ. ಒತ್ತಡ ಕಾಯುವ ರೆಗ್ಯುಲೇಟರಿನ ಗಾಳಿ ಪೈಪು ತೆಗೆದು ಹಾಕಿ ನೋಡಿದ, ಅದೂ ಸರಿಯಿತ್ತು. ತಪ್ಪು ಬೇರೆ ಎಲ್ಲಾದರೂ ಸಿಗಲಿ ಎಂದು ಹುಡುಕುತ್ತಿದ್ದ ಕೈಗಳು ಕೊನೆಗೆ ಹಿಂದಿನ ಸೀಟನ್ನು ಎತ್ತಿ ಟ್ಯಾಂಕಿನ ಮುಚ್ಚಳ ತೆಗೆದವು.

ಪೈಪು ನೆನೆದ ಬ್ರೆಡ್ಡಿನಂತೆ ಉಬ್ಬಿತ್ತು. ಕ್ಲಿಪ್ಪಿನ ಪಕ್ಕದಲ್ಲಿ ಉಗುರಷ್ಟು ಉದ್ದದ ಸೀಳು. ಹಿಂಡಿದರೆ ಬಾಯಿ ತೆರೆಯುತ್ತಿತ್ತು, ಬಿಟ್ಟರೆ ಮುಚ್ಚಿಕೊಳ್ಳುತ್ತಿತ್ತು. ಬೀದಿಯ ತುದಿಯವರೆಗೆ ಹಾಲಿನ ಪಾತ್ರೆ ಹೊತ್ತವನಂತೆ ಓಡಿಸಿದಾಗ ಅದು ಮುಚ್ಚಿಕೊಂಡೇ ಇತ್ತು. ಗುಡ್ಡದಲ್ಲಿ ಅಕ್ಕ ಒತ್ತಿದಾಗ ತೆರೆದು, ಎಂಜಿನ್ನಿಗೆ ಹೋಗಬೇಕಾದ ಪೆಟ್ರೋಲನ್ನು ಟ್ಯಾಂಕಿಗೇ ಸುರಿಯುತ್ತಿತ್ತು.

ವೆಲ್ಡರ್ ತನ್ನ ಕೆಲಸಕ್ಕೆ ಹೋಗಿದ್ದ. ಅಕ್ಕ ಬೆಂಚಿನ ಹತ್ತಿರದ ಸ್ಟೂಲಿನ ಮೇಲೆ ಚಹಾ ಹಿಡಿದು ಕೂತಿದ್ದಳು. ನಿಧಾನಪ್ಪ ಪೈಪನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

"ಸಿಕ್ತು ಅಕ್ಕ. ಪಂಪಿನದು ತೊಂದರೆ. ಒಂದೊಂದು ಹಾಗೇ ಬರುತ್ತೆ."

"ಹೌದಾ" ಎಂದಳು. ಮುಖದಲ್ಲಿ ಬದಲಾವಣೆಯಿರಲಿಲ್ಲ. "ಸರಿ ಮಾಡಿಬಿಡು. ಕೊಂಡವರಿಗೆ ತೊಂದರೆ ಆಗಬಾರದು."

"ಮಾರೋದು ಯಾಕೆ ಈಗ?"

"ಇವತ್ತು ಪಂಪು. ನಾಳೆ ನಿಜವಾಗ್ಲೂ ನನ್ನ ಕಾಲೇ ಆಗಬಹುದು. ನೀನು ಸುಮ್ನೆ ಹೇಳ್ತೀಯಾ? ನೋಡಿಯೇ ಹೇಳಿದ್ದು ತಾನೇ?"

ಪೆಟ್ರೋಲಿನ ತೇವ ಬಟ್ಟೆ ದಾಟಿ ತೊಡೆಗೆ ತಾಗುತ್ತಿತ್ತು, ಚರ್ಮ ಉರಿಯತೊಡಗಿತ್ತು. ಅವನು ಪೈಪನ್ನು ಹೊರತೆಗೆದು ಅಕ್ಕನ ಅಂಗೈ ಮೇಲಿಟ್ಟ.

ಅಕ್ಕ ಅದನ್ನು ಹೊರಳಿಸಿದಳು. ಉಬ್ಬಿದ ರಬ್ಬರಿನ ಮೇಲೆ ನೀಲಿ ಗೆರೆ ಇನ್ನೂ ಉಳಿದಿತ್ತು. ಅವಳ ಕಣ್ಣು ನಿಧಾನವಾಗಿ ಎದುರಿನ ಗೋಡೆಯ ಸುರುಳಿಯ ಕಡೆಗೆ ಹೋಯಿತು. ಅದೇ ಸ್ಟೂಲಿನ ಮೇಲೆ ಕೂತು, ಚಹಾ ಕುಡಿಯುತ್ತಾ, ಎಷ್ಟೋ ಮಧ್ಯಾಹ್ನ ಅವಳು ನೋಡಿದ್ದ ಸುರುಳಿ.

"ಇದು ಅದೇ ಅಲ್ವಾ?"

"ಅದೇ. ಒಳಗೆ ಹಾಕೋದಲ್ಲ ಅದು. ಸರಿಯಾದದ್ದು ಬಂದಿತ್ತು. ಇನ್ನೊಬ್ಬರ ಗಾಡಿಗೆ ಹಾಕಿದೆ."

"ಮನೆಯವರದು ಕೊನೆಗೆ."

"ಹೂಂ."

"ನೀನು ಆ ಊಟದ ದಿನ ಹೇಳಿದ ಮೇಲೆ, ನಾನು ದಿನಾ ಮಂಚದ ಮೇಲೆ ಕೂತು ಈ ಕಾಲನ್ನ ಎತ್ತಿ ಇಳಿಸಿ ನೋಡ್ತಿದ್ದೆ ಕಣೋ. ನಡುಗುತ್ತಾ ಅಂತ." ಚಹಾದ ಲೋಟ ಕೆಳಗಿಟ್ಟಳು. "ಹಿಂದಿನ ಸೀಟಲ್ಲಿ ಮಗು ಇತ್ತು."

"ಗೊತ್ತು ಅಕ್ಕ."

"ಗೊತ್ತಿಲ್ಲ ನಿನಗೆ."

ಬಾಗಿಲ ಹಿಂದಿನ ಮೊಳೆಯಲ್ಲಿ ಆ ಹೊತ್ತಿಗೆ ಇನ್ನೊಬ್ಬ ಗಿರಾಕಿಗೆಂದು ತರಿಸಿದ್ದ, ಸರಿಯಾದ ಪೈಪಿನ ಪೊಟ್ಟಣವೊಂದಿತ್ತು. ನಿಧಾನಪ್ಪ ಅದನ್ನು ಒಡೆದ. ಸಂಜೆಗೆ ಬರಬೇಕಾಗಿದ್ದ ಆ ಗಿರಾಕಿಗೆ ಫೋನಿನಲ್ಲೇ ಬೈಸಿಕೊಂಡ. ಹೊಸ ಪೈಪು ಕೂರಿಸಿ, ಕ್ಲಿಪ್ಪು ಬಿಗಿದು, ಮುಚ್ಚಳ ಹಾಕುವವರೆಗೂ ಅಕ್ಕ ಪಕ್ಕದಲ್ಲೇ ನಿಂತು ನೋಡಿದಳು. ಆಮೇಲೆ ಬೆಂಚಿನ ಮೇಲಿಂದ ಕೀಲಿ ತೆಗೆದುಕೊಂಡಳು.

"ಹತ್ತು. ಮುಂದೆ ಬೇಡ, ಹಿಂದೆ."

ಅವನು ಹಿಂದಿನ ಸೀಟಿನಲ್ಲಿ, ಬಾಣಂತಿ ಕೂತಿದ್ದ ಜಾಗದಲ್ಲಿ ಕೂತ. ಅಲ್ಲಿಂದ ಗೇಜು ಕಾಣುತ್ತಿರಲಿಲ್ಲ. ಮಧ್ಯದ ಏರಿನಲ್ಲಿ ಟ್ರ್ಯಾಕ್ಟರೊಂದು ಹುಲ್ಲು ಹೇರಿಕೊಂಡು ಹತ್ತುತ್ತಿತ್ತು. ಅಕ್ಕ ದೂರದವರೆಗೂ ರಸ್ತೆ ನೋಡಿದಳು, ಗೇರ್ ಇಳಿಸಿ ಬಲಗಾಲನ್ನು ಒತ್ತಿದಳು. ನಿಧಾನಪ್ಪನ ಪಾದ ತನಗೆ ತಾನೇ ಇಲ್ಲದ ಬ್ರೇಕನ್ನು ಹುಡುಕಿತು. ಸಿಳ್ಳೆ ಎದ್ದಿತು, ಹುಲ್ಲಿನ ವಾಸನೆ ಒಂದು ಕ್ಷಣ ಕಿಟಕಿ ತುಂಬಿತು, ಟ್ರ್ಯಾಕ್ಟರು ಹಿಂದುಳಿಯಿತು.

ಮುಂದಿನ ತಿರುವಿನಲ್ಲಿ ಕಾರು ನಿಂತಿತು.

"ಇಳಿ."

"ಇಲ್ಲೇ?"

"ಅವತ್ತು ನಾನು ನಿಲ್ಲಿಸಿ ಕೂತಿದ್ದು ಇಲ್ಲೇ. ಮೇಲಿನ ಮನೆಯಲ್ಲಿ ಒಬ್ಬಳಿಗೆ ತಿಂಗಳು ತುಂಬಿದೆ, ನೋಡ್ಕೊಂಡು ಬರ್ತೀನಿ. ನೀನು ನಡ್ಕೊಂಡು ಹೋಗು. ಕೊಳ್ಳೋಕೆ ಬರೋರಿಗೆ ನೀನೇ ಫೋನ್ ಮಾಡಿ ಹೇಳು. ಯಾಕೆ ಮಾರಲ್ಲ ಅಂತ ಕೇಳ್ತಾರೆ. ಕಾರಣಾನೂ ಹೇಳು."

ಅವನು ಇಳಿದ. ಕಾರು ತಿರುವು ದಾಟಿತು. ಎಂಜಿನ್ನಿನ ಸದ್ದು ಎಲ್ಲಾದರೂ ಕೆಮ್ಮುತ್ತದೆಯೇ ಎಂದು ಅವನು ರಸ್ತೆಯಂಚಿನಲ್ಲಿ ನಿಂತು ಕೇಳಿದ. ಕೆಮ್ಮಲಿಲ್ಲ. ಮೇಲಿನ ತಿರುವು, ಅದರ ಮೇಲಿನ ತಿರುವು, ಆಮೇಲೆ ಮರಗಳಾಚೆ ಸದ್ದು ಕರಗಿತು. ಅವನು ಇಳಿಯತೊಡಗಿದ. ಹುಲ್ಲಿನ ಟ್ರ್ಯಾಕ್ಟರು ಎದುರಾಯಿತು. ಡ್ರೈವರ್ ಅವನನ್ನು ವಿಚಿತ್ರವಾಗಿ ನೋಡಿದ.

ಶೆಡ್ಡು ಸೇರುವಾಗ ವೆಲ್ಡರ್ ಕನ್ನಡಕ ಹಣೆಗೇರಿಸಿ ಕೇಳಿದ, "ಗಾಡಿ ಎಲ್ಲಿ?"

"ಮೇಲೆ ಹೋಯ್ತು."

"ಮತ್ತೆ ನೀನು?"

ನಿಧಾನಪ್ಪ ಫೋನು ಕೈಗೆತ್ತಿಕೊಂಡು, ಕಾರು ಕೊಳ್ಳುವವನ ನಂಬರ್ ಹುಡುಕುತ್ತಿದ್ದ. "ಇರು," ಎಂದ, "ಮೊದಲು ಇದೊಂದು ಹೇಳಿಬಿಡ್ತೀನಿ."