ಬಾಗಿಲ ಮೇಲೆ ಹುಲಿಯಿದ್ದ ಮೈಸೂರು ಅರಮನೆ

ಗೆಳೆಯರೇ, ಇವತ್ತು ನಾವು ಪರದೇಶದಲ್ಲಿ ಸಿಕ್ಕಿಬಿದ್ದೆವು. ಪರದೇಶವೆಂದರೆ ಹೈದರಾಬಾದು. ನಮ್ಮ ಬೀದರ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ದಿನದಿಂದ ನನ್ನ ಗೆಳೆಯ, ಔರಾದಿನ ಬಾಬುರಾವ್, ಆ ಊರನ್ನು ಹಾಗೇ ಕರೆಯುತ್ತಾನೆ. ರಜೆ ಕಳೆಯಲೆಂದು ನಿನ್ನೆ ಇಬ್ಬರೂ ಭಾಲ್ಕಿಯಲ್ಲಿ ರೈಲು ಹತ್ತಿ ಬಂದಿದ್ದೇವೆ.

ಬೆಳಿಗ್ಗೆ ಚಾರಮಿನಾರಿನ ಹತ್ತಿರ ಚಹಾ ಕುಡಿಯುತ್ತಿದ್ದಾಗ ಹೋಟೆಲ್ ಮಾಲೀಕ ಯಾವ ಊರೆಂದು ಕೇಳಿದ. ಬಾಬುರಾವ್ ಎದೆಯುಬ್ಬಿಸಿ, ನಾವು ಮೈಸೂರು ರಾಜ್ಯದವರು ಎಂದು ಉರ್ದುವಿನಲ್ಲಿ ಹೇಳಿದ. ಮಾಲೀಕನಿಗೆ ಖುಷಿಯೋ ಖುಷಿ. ಹಾಗಾದರೆ ಅಲ್ಲಿಯ ಅರಮನೆ ಹೇಗಿದೆ ಹೇಳಿ ಎಂದ.

ನಮ್ಮವನು ಗುಲಬರ್ಗಾ ದಾಟಿ ದಕ್ಷಿಣಕ್ಕೆ ಹೋದವನೇ ಅಲ್ಲ. ಆದರೂ ಶುರು ಮಾಡಿಯೇಬಿಟ್ಟ. ಸುತ್ತ ಬಂಡೆ ಕಡಿದು ಮಾಡಿದ ಕಂದಕವಂತೆ, ಆನೆ ಹೋಗುವಂಥ ಬಾಗಿಲಂತೆ, ಬಾಗಿಲ ಮೇಲೆ ಎರಡು ಕಲ್ಲಿನ ಹುಲಿಗಳಂತೆ.

ಪಕ್ಕದ ಮೇಜಿನ ಮುದುಕರೊಬ್ಬರು ಚಹಾದ ಬಸಿಯನ್ನು ಕೆಳಗಿಟ್ಟು, ಅಚ್ಚ ನಮ್ಮ ಕನ್ನಡದಲ್ಲಿ ಕೇಳಿದರು: "ತಮ್ಮಾ, ಅದು ಬೀದರ ಕಿಲ್ಲಾ ಅಲ್ಲೇನು? ನಾ ಅಲ್ಲೇ ಹುಟ್ಟಿ ಬೆಳದಾಂವ."

ನಾನು ತಲೆ ತಗ್ಗಿಸಿದೆ. ಬಾಬುರಾವ್ ತಗ್ಗಿಸಲಿಲ್ಲ. "ಖರೇ ಅದರಿ ಚಾಚಾ. ಈಗ ಅದೂ ಮೈಸೂರಿಗೇ ಸೇರ್ಯದಲ್ರಿ!"

ಚಾಚಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಂಗಾದ್ರ ಬ್ಯಾರೆ ರಾಜ್ಯದ ಮೆಹಮಾನ್ರು ನೀವು. ಚಹಾ ನಂದು."

ಹೊರಗೆ ಬಂದಮೇಲೆ ಬಾಬುರಾವ್ ಹೇಳಿದ: "ಒಮ್ಮೆ ಮೈಸೂರಿಗೂ ಹೋಗಿ ಬರೋಣು. ಅಲ್ಲಿ ಯಾರರೆ ನಿಮ್ಮೂರು ಹ್ಯಾಂಗದ ಅಂತ ಕೇಳಿದ್ರ, ಈ ಚಾರಮಿನಾರ ಹೇಳ್ತೇನಿ."

ಅಷ್ಟು ದೂರದಲ್ಲಿ ಬೀದರದ ಚಾಚಾ ಯಾರೂ ಕೂತಿರುವುದಿಲ್ಲವೆಂಬ ಧೈರ್ಯ ಅವನಿಗೆ.